ಐದರಲ್ಲಿ ಒಂದನ್ನೂ ಬಿಡದ ಮಾಸ್ಟರಮ್ಮ

ನಲವತ್ತಮೂರನೆಯ ವಯಸ್ಸಿನಲ್ಲಿ ಜನ ಮಂಡಿನೋವಿಗೆ ಎಣ್ಣೆ ಹುಡುಕುತ್ತಾರೆ; ನಮ್ಮ ಮಾಸ್ಟರಮ್ಮ ಕಾಲೇಜು ಹುಡುಕಿದಳು. ಹುಡುಕಿದ್ದಷ್ಟೇ ಅಲ್ಲ, ಸೇರಿಯೂ ಬಿಟ್ಟಳು. ಸೇರಿದ ಮೇಲೆ ಎಷ್ಟು ಓದಬೇಕು ಎಂಬ ಲೆಕ್ಕದಲ್ಲಿ ಮನೆ, ಕಾಲೇಜು, ಕೆಲಸದ ಜಾಗ ಮೂರನ್ನೂ ಎದುರು ಹಾಕಿಕೊಂಡಳು. ಹೇಳುತ್ತೇನೆ ಕೇಳಿ.

ಶಾಲಾ ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಕಾರ್ಖಾನೆ ಎಂದರೆ ಹೊಗೆ ಉಗುಳುವಂಥದ್ದೇನಲ್ಲ. ಮೂವತ್ತು ಹೊಲಿಗೆ ಯಂತ್ರ, ಮೂಲೆಯಲ್ಲಿ ಒಂದು ಇಸ್ತ್ರಿ ಕೋಣೆ, ನಟ್ಟನಡುವೆ ಹದಿನೆಂಟು ಅಡಿ ಉದ್ದದ ಒಂದು ಮೇಜು. ಆ ಮೇಜಿನ ಮೇಲೆ ಕತ್ತರಿಸಿ ಕೊಟ್ಟದ್ದನ್ನೇ ಮೂವತ್ತೂ ಯಂತ್ರಗಳು ಹೊಲಿಯಬೇಕು. ಅಲ್ಲಿ ಕೈ ತಪ್ಪಿದರೆ ಮೂವತ್ತು ಜನರ ದುಡಿಮೆಯೂ ತಪ್ಪಿದಂತೆ. ಅದಕ್ಕೇ ಮೇಜಿನ ಹಿಂದೆ ನಿಲ್ಲುವವರಿಗೆ ಮಾಸ್ಟರ್ ಎಂಬ ಮರ್ಯಾದೆ. ಗಂಡಸರೇ ನಿಲ್ಲುತ್ತಿದ್ದ ಜಾಗ. ಇವಳು ಹನ್ನೊಂದು ವರ್ಷ ಗುಂಡಿ ಹಾಕಿ, ಕಾಲರ್ ತಿರುವಿ, ಬಟ್ಟೆ ಹಾಸಿ, ಕೊನೆಗೊಂದು ದಿನ ಆ ಮೇಜಿನ ಹಿಂದೆ ಹೋಗಿ ನಿಂತಾಗ ಯಾರೋ ಹಂಗಿಸಲೆಂದೇ ‘ಏನು ಮಾಸ್ಟರಮ್ಮಾ!’ ಎಂದು ಕೂಗಿದರು. ಅವಳು ತಿರುಗಿ, ‘ಏನ್ರೀ, ಹೇಳಿ’ ಎಂದಳು. ಅಲ್ಲಿಗೆ ಹಂಗಿಸುವುದು ನಿಂತಿತು.

ಇಷ್ಟು ಚೆನ್ನಾಗಿದ್ದವಳಿಗೆ ಕಾಲೇಜಿನ ಹುಚ್ಚು ಯಾಕೆ ಹಿಡಿಯಿತು ಎಂದರೆ, ಅದಕ್ಕೆ ಕಾರಣ ಅವಳಿಗೆ ಪರಿಚಯವಿದ್ದ, ಹೊಲಿಗೆ ತರಬೇತಿ ಶಾಲೆಯ ಒಬ್ಬ ಟೀಚರು. ಆಕೆಗೆ ಒಮ್ಮೆ ಜ್ವರ ಬಂದು, ‘ಒಂದು ಗಂಟೆ ನನ್ನ ಕ್ಲಾಸು ತಗೋ ಮಾರಾಯ್ತಿ’ ಎಂದು ಮಾಸ್ಟರಮ್ಮನನ್ನು ಕರೆದರು. ಹೋದಳು. ಇಪ್ಪತ್ತೆರಡು ಹುಡುಗಿಯರ ಮುಂದೆ ಒಂದು ಹಾಳೆ ಹಾಸಿ, ಭುಜದ ಗೆರೆ ಯಾಕೆ ಓರೆಯಾಗಿರಬೇಕು ಎಂದು ತೋರಿಸಿದಳು. ಹಿಂದಿನ ಸಾಲಿನವಳೊಬ್ಬಳು ಎದ್ದು ತನ್ನ ಭುಜವನ್ನೇ ಮುಟ್ಟಿ ನೋಡಿಕೊಂಡು, ‘ಅಯ್ಯೋ, ಹೌದಲ್ವಾ!’ ಎಂದಳು. ಅಷ್ಟೇ ನಡೆದದ್ದು. ಆದರೆ ಮಾಸ್ಟರಮ್ಮನಿಗೆ ತನ್ನ ಜೀವನದಲ್ಲಿ ಅಷ್ಟು ಖುಷಿಯಾದ ಗಂಟೆ ಇನ್ನೊಂದು ನೆನಪಿಗೆ ಬರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ಪಕ್ಕದವರು ಸ್ವಲ್ಪ ಸರಿದು ಕೂತರು.

ಟೀಚರು ಆಮೇಲೆ ಮಾತು ಬಿಚ್ಚಿದರು. ‘ಇನ್ನೆರಡು ವರ್ಷಕ್ಕೆ ನನಗೆ ನಿವೃತ್ತಿ. ನನ್ನ ಜಾಗಕ್ಕೆ ನೀನು ಬಂದರೆ ನಾನು ನೆಮ್ಮದಿಯಿಂದ ಮನೆಗೆ ಹೋಗ್ತೀನಿ. ನಿನ್ನ ಕೈ ನೋಡಿದ್ದಾರೆ, ಎಲ್ಲರೂ ಒಪ್ತಾರೆ. ಆದ್ರೆ ಡಿಗ್ರಿ ಇಲ್ಲದವರ ಅರ್ಜಿ ತೆರೆಯೋದೂ ಇಲ್ಲ ಕಣೇ.’

ಮಾಸ್ಟರಮ್ಮ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಲೇಜಿನ ಒಂದು ವರ್ಷ ಮುಗಿಸಿದ್ದಳು. ಆಮೇಲೆ ಅಪ್ಪನ ಕಾಯಿಲೆ, ಹೊಲಿಗೆ, ಮದುವೆ. ಪುಸ್ತಕ ಎತ್ತಿಟ್ಟದ್ದು ಎತ್ತಿಟ್ಟಂತೆಯೇ ಉಳಿಯಿತು. ಸಂಜೆ ಕಾಲೇಜಿನವರು ನಾಲ್ಕು ಸಲ ಅಲೆದಾಡಿಸಿ ಆ ಹಳೆಯ ವರ್ಷವನ್ನು ಒಪ್ಪಿಕೊಂಡರು. ಉಳಿದದ್ದು ಇಪ್ಪತ್ತು ವಿಷಯ. ಎರಡು ವರ್ಷಕ್ಕೆ ಆರಾರು ತಿಂಗಳ ನಾಲ್ಕು ಅವಧಿ. ಅವಧಿಗೆ ಐದೈದು ತೆಗೆದುಕೊಂಡು ಒಂದರಲ್ಲೂ ನಪಾಸಾಗದಿದ್ದರೆ, ಟೀಚರು ಕುರ್ಚಿ ಬಿಡುವ ಹೊತ್ತಿಗೆ ಡಿಗ್ರಿ ಕೈಯಲ್ಲಿರುತ್ತದೆ. ನಾಲ್ಕು ತೆಗೆದುಕೊಂಡರೆ ಆಗುವುದಿಲ್ಲ. ಮೂರಂತೂ ಕೇಳಲೇಬೇಡಿ, ಅಷ್ಟರಲ್ಲಿ ಆ ಕುರ್ಚಿಯಲ್ಲಿ ಇನ್ಯಾರೋ ಕೂತು ಒಂದೂವರೆ ವರ್ಷ ಕಳೆದಿರುತ್ತಾರೆ.

ಕಾಲೇಜಿನಲ್ಲಿ ಯಾರು ಎಷ್ಟು ವಿಷಯ ಓದಬೇಕೆಂದು ಸಲಹೆ ಕೊಡಲು ಒಬ್ಬ ಮೇಡಂ ಇದ್ದರು. ಮಾಸ್ಟರಮ್ಮನಿಗಿಂತ ಹತ್ತು ವರ್ಷ ಚಿಕ್ಕವರು, ಮಾತು ಮೆತ್ತಗೆ, ಪಟ್ಟು ಗಟ್ಟಿ.

‘ಕೆಲಸಕ್ಕೆ ಹೋಗೋರಿಗೆ ನಾವು ಮೂರೇ ಕೊಡೋದು,’ ಎಂದರು ಮೇಡಂ. ‘ಇಪ್ಪತ್ತು ವರ್ಷದ ಮಕ್ಕಳೇ ಐದಕ್ಕೆ ಉಸ್ಸಪ್ಪಾ ಅಂತಾರೆ.’

‘ಅವರಿಗೆ ಇನ್ನೂ ಟೈಮಿದೆ ಮೇಡಂ, ಅದಕ್ಕೆ ಉಸ್ಸಪ್ಪಾ ಅಂತಾರೆ. ನನಗೆ ಐದು ಕೊಡಿ.’

ಮೇಡಂ ನಕ್ಕರು, ಆದರೆ ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಸದ್ಯಕ್ಕೆ ಐದು ತರಗತಿಗೂ ಕೂರಬಹುದು. ನಾಲ್ಕನೇ ವಾರದ ಶುಕ್ರವಾರದೊಳಗೆ ಬೇಡದ್ದನ್ನು ಬಿಡಬಹುದು. ಐದನ್ನೂ ಉಳಿಸಿಕೊಳ್ಳುವುದಾದರೆ, ಇವರಿಗೆ ಓದಲು ಬಿಡುವು ಕೊಟ್ಟಿದ್ದೇವೆ ಎಂದು ಕೆಲಸದ ಜಾಗದ ಯಜಮಾನರು ಬರೆದುಕೊಟ್ಟ ಕಾಗದ ತರಬೇಕು. ಅದಿಲ್ಲದಿದ್ದರೆ ಮೂರಕ್ಕೆ ಇಳಿಸುವುದೇ. ಮಾಸ್ಟರಮ್ಮ ‘ಆಗಲಿ, ತರ್ತೀನಿ’ ಎಂದು ಗೋಣು ಆಡಿಸಿ ಬಂದಳು.

ತಂದಳೇ? ಎಲ್ಲಿಯ ಮಾತು. ಅವಳು ಕಾರ್ಖಾನೆಯಲ್ಲಿ ಕಾಲೇಜಿನ ವಿಷಯವನ್ನೇ ಎತ್ತಲಿಲ್ಲ. ಹೇಳಿದರೆ ನಾಳೆಯಿಂದ ಸಣ್ಣ ತಪ್ಪಿಗೂ ‘ಓದೋ ಹುಚ್ಚು ಹಿಡಿದಿದೆಯಲ್ಲ, ಇನ್ನೇನಾಗುತ್ತೆ’ ಎನ್ನುತ್ತಾರೆ. ಅದರಲ್ಲೂ ಎರಡನೇ ಮಾಸ್ಟರ್ ಇದ್ದ. ಎರಡು ಕನ್ನಡಕ ಇಟ್ಟುಕೊಂಡು, ಒಂದನ್ನು ಹಣೆಯ ಮೇಲೆ ಏರಿಸಿ ಇನ್ನೊಂದನ್ನು ಹುಡುಕುತ್ತಿದ್ದ ಅವನನ್ನು ಎಲ್ಲರೂ ಕನ್ನಡಕದಣ್ಣ ಎನ್ನುತ್ತಿದ್ದರು. ಮೇಜು ತನಗೇ ಸಿಗಬೇಕಿತ್ತು ಎಂದು ಅವನಿಗೆ ಮೊದಲಿಂದಲೂ ಹೊಟ್ಟೆಯುರಿ. ಅವನ ಬಾಯಿಗೆ ತಾನಾಗಿ ಬೀಳುವಷ್ಟು ಪೆದ್ದಿಯಲ್ಲ ಮಾಸ್ಟರಮ್ಮ.

ಹಾಗಾಗಿ ಅವಳು ಯಾವುದನ್ನೂ ಕಡಿಮೆ ಮಾಡಲಿಲ್ಲ. ಬೆಳಗಿನ ಜಾವ ಎದ್ದು ಅಡುಗೆ ಮುಗಿಸಿ, ಒಲೆ ಪಕ್ಕದಲ್ಲೇ ಪುಸ್ತಕ ಬಿಡಿಸಿ, ಎಂಟಕ್ಕೆ ಮೇಜಿನ ಹಿಂದೆ ನಿಲ್ಲುವುದು. ಐದಕ್ಕೆ ಕತ್ತರಿ ಇಟ್ಟು ಐದೂವರೆಗೆ ಕಾಲೇಜು. ಯಜಮಾನರು ‘ಈ ಭಾನುವಾರ ಬರ್ತೀರಾ, ಆರ್ಡರ್ ಜಾಸ್ತಿ ಇದೆ’ ಎಂದರೆ ‘ಅದಕ್ಕೇನಂತೆ’ ಎನ್ನುವುದು. ಮನೆಯಲ್ಲಿ ಅತ್ತೆ ‘ಇವತ್ತು ನಾನು ಪಾತ್ರೆ ತೊಳೀಲಾ?’ ಎಂದು ಬಾಯಿಮಾತಿಗೆ ಕೇಳಿದರೆ ‘ಬೇಡ ಅತ್ತೆ, ನಾನಿದ್ದೀನಲ್ಲ’ ಎನ್ನುವುದು. ಅತ್ತೆಯೇನು ಎರಡನೇ ಸಲ ಕೇಳುವವರಲ್ಲ.

ಗಂಡ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು. ಒಳ್ಳೆಯವನೇ. ಆದರೆ ಕಣ್ಣೆದುರು ಇದ್ದದ್ದನ್ನು ನೋಡಿಯೂ ಸುಮ್ಮನಿರಬಲ್ಲ ಮನುಷ್ಯ.

‘ಮೂರು ತಗೊಂಡಿದ್ರೆ ಏನಾಗ್ತಿತ್ತು ನಿನಗೆ?’ ಎಂದ ಒಂದು ದಿನ, ಅವಳು ಕೂತಲ್ಲೇ ತೂಕಡಿಸಿದ್ದನ್ನು ನೋಡಿ.

‘ಮೂರು ತಗೊಂಡು ಡಿಗ್ರಿ ಬರೋ ಹೊತ್ತಿಗೆ ಆ ಡಿಗ್ರಿ ತಗೊಂಡು ಗೋಡೆಗೆ ತೂಗು ಹಾಕಬೇಕು ಅಷ್ಟೇರೀ.’

‘ನೀನು ಕೇಳೋ ಪೈಕಿನಾ!’ ಎಂದ ಅವನು.

ಮೂರನೇ ವಾರದ ಕೊನೆಗೆ ಸಂಖ್ಯಾಶಾಸ್ತ್ರದ ಕಿರುಪರೀಕ್ಷೆ. ಮಿಕ್ಕ ನಾಲ್ಕು ವಿಷಯ ಹೇಗೋ ನಡೆಯುತ್ತಿದ್ದವು. ಜವಳಿಯ ಪಾಠವಂತೂ ಅವಳೇ ಮಾಡಬಹುದಾಗಿತ್ತು. ಈ ಸಂಖ್ಯಾಶಾಸ್ತ್ರ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಇಂಚು, ಅರ್ಧ ಇಂಚು, ಕಾಲಿಂಚು ಕಣ್ಣಳತೆಯಲ್ಲೇ ಹೇಳುವವಳಿಗೆ ಬೋರ್ಡಿನ ಮೇಲಿನ ಆ ಚಿಹ್ನೆಗಳನ್ನು ಕಂಡರೆ ಕೈಕಾಲು ಆಡುತ್ತಿರಲಿಲ್ಲ. ತರಗತಿಯ ಚಿಕ್ಕ ಮಕ್ಕಳ ಮುಂದೆ ಕೇಳಲು ನಾಚಿಕೆ. ಅರ್ಥವಾದವಳಂತೆ ತಲೆ ಆಡಿಸುತ್ತಾ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತೈದಕ್ಕೆ ಒಂಬತ್ತು ಬಂತು. ಪಾಸಾಗಲು ಹತ್ತು ಬೇಕು. ಉತ್ತರ ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಚೀಲದ ತಳಕ್ಕೆ ತುರುಕಿದಳು.

ಗ್ರಹಚಾರ ನೋಡಿ, ಅದಾದ ಮೂರನೇ ದಿನವೇ ಕಾರ್ಖಾನೆಯಲ್ಲಿ ಆ ಘಟನೆ ನಡೆಯಿತು.

ಅಂಗಿಯ ತೋಳು ಕತ್ತರಿಸುವುದಕ್ಕೆ ಒಂದು ಪದ್ಧತಿ ಇದೆ. ಸಾಮಾನ್ಯವಾಗಿ ಬಟ್ಟೆಯನ್ನು ಮುಖಕ್ಕೆ ಮುಖ ಕೊಟ್ಟು ಪದರ ಪದರವಾಗಿ ಹಾಸುತ್ತಾರೆ. ಆಗ ರಟ್ಟಿನಲ್ಲಿ ಮಾಡಿಟ್ಟ ತೋಳಿನ ಅಚ್ಚನ್ನು ಒಂದೇ ಕಡೆ ಇಟ್ಟು ಕತ್ತರಿಸಿದರೂ ಒಂದು ಪದರದಲ್ಲಿ ಎಡ, ಇನ್ನೊಂದರಲ್ಲಿ ಬಲ, ತಾನಾಗಿಯೇ ಜೋಡಿಯಾಗಿ ಬರುತ್ತದೆ. ಆವತ್ತು ಬಂದದ್ದು ಒಂದೇ ದಿಕ್ಕಿಗೆ ಹೊಳಪಿರುವ ಬಟ್ಟೆ. ಅದನ್ನು ಎಲ್ಲ ಪದರವೂ ಮುಖ ಮೇಲೆ ಮಾಡಿಯೇ ಹಾಸಬೇಕು. ಹಾಗೆ ಹಾಸಿದಾಗ ತೋಳಿನ ಅಚ್ಚನ್ನು ಒಮ್ಮೆ ಇದ್ದ ಹಾಗೆ, ಒಮ್ಮೆ ಮಗುಚಿ, ಎರಡು ಸಲ ಇಡಬೇಕು. ಮಾಸ್ಟರಮ್ಮನಿಗೆ ಇದು ಉಸಿರಾಡಿದಷ್ಟು ಸಲೀಸು. ಹೊಸಬರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಇದು. ಆವತ್ತು ಎರಡು ಸಲ ಇಟ್ಟಳು, ಗೆರೆ ಎಳೆದಳು. ಮಗುಚಲಿಲ್ಲ.

ನೂರಿಪ್ಪತ್ತು ಅಂಗಿ. ಇನ್ನೂರ ನಲವತ್ತು ತೋಳು. ಇನ್ನೂರ ನಲವತ್ತೂ ಎಡಗೈಯವು.

ಕಂಡುಹಿಡಿದವನು ಯಾರು ಅಂತೀರಿ? ಕನ್ನಡಕದಣ್ಣನೇ. ಕಟ್ಟು ಕಟ್ಟುತ್ತಿದ್ದವನು ಎರಡು ತೋಳು ಎತ್ತಿ ಹಿಡಿದ. ಹಣೆಯ ಕನ್ನಡಕ ಇಳಿಸಿ ಮತ್ತೆ ನೋಡಿದ. ‘ಮಾಸ್ಟರಮ್ಮಾ,’ ಎಂದ ಜೋರಾಗಿ, ‘ಈ ಶಾಲೆ ಮಕ್ಕಳಿಗೆ ಎರಡೂ ಎಡಗೈಯೇನ್ರೀ?’

ಮೂವತ್ತು ಯಂತ್ರವೂ ಒಂದೊಂದಾಗಿ ನಿಂತವು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಮಾಸ್ಟರಮ್ಮನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅವಳು ತೋಳುಗಳನ್ನು ಒಂದೊಂದೇ ಎತ್ತಿ ನೋಡಿದಳು, ಒಂದಾದರೂ ಬಲಗೈಯದು ಇದ್ದೀತೇನೋ ಎಂಬಂತೆ. ಎಲ್ಲಿಂದ ಬರಬೇಕು!

ಆವತ್ತು ಸಂಜೆ ಕಾಲೇಜಿಗೆ ಹೋದರೆ ಮೇಡಂ ಕರೆಸಿದರು. ಅವರ ಮೇಜಿನ ಮೇಲೆ ಕಿರುಪರೀಕ್ಷೆಯ ಅಂಕಪಟ್ಟಿ.

‘ನೋಡಿ, ನಾನು ನಿಮ್ಮ ಶತ್ರು ಅಲ್ಲ,’ ಎಂದರು. ‘ಶುಕ್ರವಾರ ಕೊನೇ ದಿನ. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಎರಡನ್ನೂ ಬಿಟ್ಬಿಡಿ. ನಪಾಸಾದ್ರೆ ಆ ವಿಷಯ ಮತ್ತೆ ಬರೋದು ಒಂದು ವರ್ಷ ಬಿಟ್ಟು. ಆಗ ಹೇಗಿದ್ರೂ ನಿಮ್ಮ ಲೆಕ್ಕ ತಪ್ಪಿತಲ್ಲ? ನಿಮ್ಮ ಕಾರ್ಖಾನೆ ಯಜಮಾನರ ಕಾಗದವೂ ಬಂದಿಲ್ಲ. ನಾನು ಮೂರು ಅಂತಲೇ ಬರೆದಿಟ್ಟಿದ್ದೀನಿ.’ ಅರ್ಜಿಯ ಮೇಲೆ ಪೆನ್ಸಿಲ್ಲಿನಲ್ಲಿ ಮೂರು ಎಂದು ಬರೆದಿತ್ತು.

ಮಾಸ್ಟರಮ್ಮ ಆ ದಿನ ತರಗತಿಗೂ ಕೂರದೆ ಬಸ್‌ ನಿಲ್ದಾಣಕ್ಕೆ ಬಂದು, ಕಲ್ಲುಬೆಂಚಿನ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

ಮೇಡಂ ಹೇಳಿದ್ದರಲ್ಲಿ ಸುಳ್ಳೇನಿತ್ತು? ಐದು ಹೆಚ್ಚಾಗಿದೆ, ಅದಕ್ಕೇ ಕೈ ತಪ್ಪುತ್ತಿದೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಹೆಚ್ಚಾಗಿರುವುದು ನಿಜ. ಆದರೆ ಯಾವುದು ಹೆಚ್ಚಾದದ್ದು? ಅವಳು ಬೆರಳು ಮಡಚಿ ಎಣಿಸಿದಳು. ಭಾನುವಾರದ ಕೆಲಸ ಕೇಳಿದ್ದು ಯಜಮಾನರು, ಒಪ್ಪಿದ್ದು ತಾನು. ಪಾತ್ರೆ ತೊಳೆಯುತ್ತೇನೆಂದಿದ್ದು ಅತ್ತೆ, ಬೇಡವೆಂದಿದ್ದು ತಾನು. ಬೆಳಗಿನ ಅಡುಗೆ, ಸಂಜೆಯ ಅಡುಗೆ, ಬಟ್ಟೆ, ಮೇಜು, ‘ಮಾಸ್ಟರಮ್ಮನ ಕೆಲಸದಲ್ಲಿ ಕೂದಲೆಳೆಯಷ್ಟೂ ಕುಂದಿಲ್ಲ’ ಎನ್ನಿಸಿಕೊಳ್ಳುವ ಆಸೆ. ಇಷ್ಟನ್ನೂ ಹೊತ್ತುಕೊಂಡು, ಎಲ್ಲಕ್ಕಿಂತ ಮೇಲೆ ಐದು ವಿಷಯ ಇಟ್ಟು, ತೂಕ ಜಾಸ್ತಿಯಾಯಿತು ಎಂದರೆ ಬೀಳಿಸಬೇಕಾದದ್ದು ಮೇಲಿನದ್ದನ್ನೇ ಎಂದು ಯಾರು ಹೇಳಿದರು?

‘ಎಲ್ಲರೂ ಅದನ್ನೇ ಯಾಕೆ ಬಿಡು ಅಂತಾರೆ?’ ಎಂದು ಅವಳು ಗಟ್ಟಿಯಾಗಿಯೇ ಹೇಳಿಬಿಟ್ಟಳು. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಮುದುಕರು, ‘ಏನಮ್ಮ?’ ಎಂದರು. ‘ಏನಿಲ್ಲ ತಾತ, ನೀವು ಓದಿ,’ ಎಂದು ಮೂರನೇ ಬಸ್ಸು ಹತ್ತಿದಳು. ಅವಳಿಗೆ ಆಗ ನಿಜವಾಗಿಯೂ ಕೋಪ ಬಂದಿತ್ತು, ತನ್ನ ಮೇಲೆಯೇ.

ಮರುದಿನ ಬೆಳಿಗ್ಗೆ ಕತ್ತರಿ ಮುಟ್ಟುವ ಮೊದಲೇ ಯಜಮಾನರ ಕೋಣೆಗೆ ಹೋದಳು. ತೋಳಿನ ವಿಷಯಕ್ಕೆ ಕ್ಷಮೆ ಕೇಳಲು ಬಂದಳೆಂದು ಅವರು ಅಂದುಕೊಂಡರು.

‘ಹೋಗಲಿ ಬಿಡಿ, ಹೊಸ ಬಟ್ಟೆ ಥಾನು ತರಿಸಿದ್ದೀನಿ,’ ಎಂದರು. ‘ಮೇಜಿನ ಹಿಂದೆ ನಿಂತ ಹನ್ನೆರಡು ವರ್ಷದಲ್ಲಿ ಒಂದು ಸಲ ತಾನೇ.’

‘ಇನ್ನೊಂದು ಸಲ ಆಗುತ್ತೆ ಯಜಮಾನ್ರೇ, ನಾನು ಹೀಗೇ ಮುಂದುವರಿದ್ರೆ,’ ಎಂದಳು ಮಾಸ್ಟರಮ್ಮ. ಎಲ್ಲವನ್ನೂ ಹೇಳಿದಳು. ಕಾಲೇಜು, ಐದು ವಿಷಯ, ಎರಡು ವರ್ಷ, ತರಬೇತಿ ಶಾಲೆಯ ಕುರ್ಚಿ. ‘ನನಗೆ ಎರಡು ವರ್ಷ ಅರ್ಧ ದಿನದ ಕೆಲಸ ಬೇಕು. ಬಿಡುವು ಕೊಟ್ಟಿದ್ದೀವಿ ಅಂತ ಒಂದು ಕಾಗದವೂ ಬೇಕು.’

ಯಜಮಾನರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೆಟ್ಟವರಲ್ಲ, ಆದರೆ ಕಾರ್ಖಾನೆ ನಡೆಸುವವರು. ‘ಮೇಜಿನ ಹಿಂದೆ ಅರ್ಧ ದಿನದ ಮಾಸ್ಟರ್ ಇಟ್ಕೊಳ್ಳೋಕಾಗಲ್ಲಮ್ಮ. ಅದು ನಿಮಗೂ ಗೊತ್ತು.’

‘ಗೊತ್ತು.’

‘ಮೇಜು ಕನ್ನಡಕದವನಿಗೆ ಕೊಡಬೇಕಾಗುತ್ತೆ. ನಿಮಗೆ ಬಟ್ಟೆ ಹಾಸೋ ಕೆಲಸ ಕೊಡಬಹುದು. ಅವನ ಕೈಕೆಳಗೆ. ಸಂಬಳವೂ ಹಾಸೋರ ಸಂಬಳವೇ.’ ಅವರು ತಲೆ ಎತ್ತಿ ನೋಡಿದರು. ‘ಒಂದು ಸಲ ಕೊಟ್ಟ ಮೇಜನ್ನ ನಾನು ವಾಪಸ್ ಕಿತ್ಕೊಳ್ಳಲ್ಲ. ಎರಡು ವರ್ಷ ಬಿಟ್ಟು ಬಂದು ಕೇಳಬೇಡಿ. ಯೋಚನೆ ಮಾಡಿ, ಸೋಮವಾರ ಹೇಳಿ.’

ಮಾಸ್ಟರಮ್ಮ ಗಾಜಿನ ಕಿಟಕಿಯಾಚೆ ಮೇಜನ್ನು ನೋಡಿದಳು. ಅದರ ಅಂಚು ಅವಳ ಹೊಟ್ಟೆ ತಾಗಿ ತಾಗಿ ಒಂದು ಕಡೆ ನುಣುಪಾಗಿತ್ತು. ಹನ್ನೊಂದು ವರ್ಷ ಕಾದು ಪಡೆದದ್ದು. ಹೋಗಿ ಆ ಅಂಚನ್ನು ಹಿಡಿದುಕೊಂಡು ನಿಂತುಬಿಡಬೇಕು ಎನ್ನಿಸಿತು.

‘ಸೋಮವಾರ ಬೇಡ, ಈಗಲೇ ಕಾಗದ ಬರೀರಿ,’ ಎಂದಳು. ಸೋಮವಾರದವರೆಗೆ ಬಿಟ್ಟರೆ ತನ್ನ ಬಾಯಿಂದ ಬೇರೆ ಮಾತು ಬಂದೀತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೊರಗೆ ಬಂದು ದೊಡ್ಡ ಕತ್ತರಿಯನ್ನು ಕನ್ನಡಕದಣ್ಣನ ಮುಂದಿಟ್ಟು ವಿಷಯ ಹೇಳಿದಳು. ಅವನು ಕುಣಿದಾಡುತ್ತಾನೆ ಎಂದುಕೊಂಡಿದ್ದಳು. ಅವನು ಕತ್ತರಿ ನೋಡಿದ, ಅವಳನ್ನು ನೋಡಿದ, ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡ. ‘ಆ ತೋಳಿನ ಮಾತು ನಾನು ತಮಾಷೆಗೆ ಅಂದಿದ್ದು ರೀ,’ ಎಂದ. ಸ್ವಲ್ಪ ತಡೆದು, ‘ಪೂರ್ತಿ ತಮಾಷೆಗೇನಲ್ಲ,’ ಎಂದೂ ಸೇರಿಸಿದ. ಮಾಸ್ಟರಮ್ಮನಿಗೆ ನಗು ಬಂತು. ಮಧ್ಯಾಹ್ನದವರೆಗೆ ಅವನು ಹೇಳಿದಂತೆ ಬಟ್ಟೆ ಹಾಸಿದಳು. ಅವನು ಪ್ರತಿ ಸಲವೂ ‘ಸ್ವಲ್ಪ ಎಳೀತೀರಾ, ಸ್ವಲ್ಪ ಬಿಡ್ತೀರಾ’ ಎಂದು ಹೇಳಲು ಮುಜುಗರಪಡುತ್ತಿದ್ದ. ‘ಎಳಿ ಅನ್ನಣ್ಣಾ, ಎಳೀತೀನಿ,’ ಎಂದಳು.

ಮನೆಯಲ್ಲಿ ಮಾತು ಇಷ್ಟು ಸುಲಭದಲ್ಲಿ ಮುಗಿಯಲಿಲ್ಲ. ‘ಇನ್ನು ಮೇಲೆ ಸಂಜೆ ಅಡುಗೆ ನನ್ನದಲ್ಲ,’ ಎಂದಾಗ ಅತ್ತೆ ಮುಖ ಊದಿಸಿಕೊಂಡರು.

‘ಮೇಜೂ ಬಿಟ್ಟೆ, ಒಲೇನೂ ಬಿಟ್ಟೆ. ಇನ್ನು ನಮ್ಮನ್ನ ಯಾವಾಗ ಬಿಡ್ತೀಯ?’ ಎಂದರು.

‘ನಿಮ್ಮನ್ನ ಬಿಡಲ್ಲ ಅತ್ತೆ. ಬಿಟ್ರೆ ಅಡುಗೆ ಮಾಡೋರು ಯಾರು?’

ಗಂಡ ನಗು ತಡೆಯಲಾರದೆ ಕೆಮ್ಮಿದ. ‘ನೀವು ಕೆಮ್ಮಿದ್ದು ಸಾಕು, ಪಾತ್ರೆ ನಿಮ್ಮದು,’ ಎಂದಳು ಅವನಿಗೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದರು, ಆದರೆ ಬೈಯಲು. ಅಡುಗೆಯನ್ನೇನೋ ಮಾಡಿದರು, ಪ್ರತಿ ತಟ್ಟೆಯನ್ನೂ ಕುಕ್ಕಿ ಕುಕ್ಕಿ ಇಟ್ಟರು. ಮಾಸ್ಟರಮ್ಮ ಕುಕ್ಕಿದ ತಟ್ಟೆಯಲ್ಲೇ ಊಟ ಮಾಡಿ ಪುಸ್ತಕ ಹಿಡಿದಳು. ಎಲ್ಲರನ್ನೂ ಮೆಚ್ಚಿಸುವ ಹೊರೆಯನ್ನೂ ಅವಳು ಇಳಿಸಿಬಿಟ್ಟಿದ್ದಳು.

ಶುಕ್ರವಾರ ಸಂಜೆ ಮೇಡಂ ಕೋಣೆಯ ಮುಂದೆ ಉದ್ದದ ಸಾಲು. ಎಲ್ಲರೂ ಏನಾದರೊಂದನ್ನು ಬಿಡಲು ಬಂದವರೇ. ಮಾಸ್ಟರಮ್ಮನ ಸರದಿ ಬಂದಾಗ ಮೇಡಂ ಪೆನ್ಸಿಲ್ಲಿನ ಮೂರು ಇದ್ದ ಅರ್ಜಿಯನ್ನು ಮುಂದೆ ಸರಿಸಿ, ‘ಇಲ್ಲೊಂದು ಸಹಿ,’ ಎಂದರು.

ಮಾಸ್ಟರಮ್ಮ ಯಜಮಾನರ ಕಾಗದ ಇಟ್ಟಳು. ಮೇಡಂ ಓದಿದರು. ಎರಡನೇ ಸಲ ಓದಿದರು. ‘ಬಟ್ಟೆ ಹಾಸುವವರು ಅಂತಿದೆಯಲ್ಲ? ನೀವು ಮಾಸ್ಟರ್ ಅಲ್ವಾ?’

‘ಇದ್ದೆ. ಬಿಟ್ಟೆ.’

‘ಅಯ್ಯೋ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ವಾಪಸ್ ಸಿಗುತ್ತಾ ಅದು?’

‘ಇಲ್ಲ ಮೇಡಂ. ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ, ನಾನೂ ಎಲ್ಲೋ ಒಂದು ಕಡೆ ಸರಿ ಅಂದುಬಿಡ್ತಿದ್ದೆ. ಈಗ ನೀವು ಮೂರು ಅಂತ ಬರೆದ್ರೆ ನನಗೆ ಆ ಮೇಜೂ ಇಲ್ಲ, ಆ ಕುರ್ಚಿನೂ ಇಲ್ಲ.’

ಮೇಡಂ ಅವಳ ಮುಖವನ್ನೇ ನೋಡಿದರು. ಆಮೇಲೆ ರಬ್ಬರು ತೆಗೆದುಕೊಂಡು ಮೂರನ್ನು ಅಳಿಸಿ, ಅರ್ಜಿಯನ್ನೂ ತಮ್ಮ ಪೆನ್ನನ್ನೂ ಅವಳ ಕಡೆಗೆ ತಿರುಗಿಸಿದರು. ‘ನೀವೇ ಬರೀರಿ,’ ಎಂದರು. ಅವಳು ಐದು ಎಂದು ಬರೆದಳು. ‘ಆದ್ರೆ ಆ ಒಂಬತ್ತು ಅಂಕ?’ ಎಂದರು ಮೇಡಂ, ಸಹಿ ಹಾಕುತ್ತಲೇ. ‘ಕಾಗದದಿಂದ ಅದು ಹತ್ತಾಗಲ್ಲ.’

‘ಗೊತ್ತು ಮೇಡಂ,’ ಎಂದಳು.

ಸಂಖ್ಯಾಶಾಸ್ತ್ರದ ತರಗತಿ ಆಗಲೇ ಶುರುವಾಗಿತ್ತು. ಮಾಸ್ಟರಮ್ಮ ಮೊದಲ ಬೆಂಚಿಗೆ ಹೋಗಿ ಕೂತಳು. ಪಾಠ ಮಾಡುವ ಸಾರ್ ಬೋರ್ಡು ತುಂಬ ಬರೆದು, ಕೈಯ ಸೀಮೆಸುಣ್ಣದ ಪುಡಿ ಒರೆಸಿಕೊಂಡು, ಪ್ರತಿ ದಿನದ ಅಭ್ಯಾಸದಂತೆ, ‘ಎಲ್ಲರಿಗೂ ಅರ್ಥ ಆಯ್ತಲ್ಲ?’ ಎಂದರು. ಪ್ರತಿ ದಿನದಂತೆ ಎಲ್ಲರೂ ಸುಮ್ಮನಿದ್ದರು. ಅವಳು ಕೈ ಎತ್ತಿದಳು.

‘ನನಗೆ ಅರ್ಥ ಆಗಿಲ್ಲ ಸಾರ್.’

‘ಯಾವ ಭಾಗ?’

‘ಮೊದಲ ದಿನದಿಂದ ಯಾವುದೂ ಆಗಿಲ್ಲ.’ ಹಿಂದೆ ಯಾರೋ ನಕ್ಕರು. ಅವಳು ತಿರುಗಿ ನೋಡಲಿಲ್ಲ. ‘ಮೊದಲ ಪಾಠದಿಂದ ಹೇಳಿಕೊಡಿ.’

ಸಾರ್ ಗಡಿಯಾರ ನೋಡಿದರು. ‘ಇವತ್ತು ಟೈಮಿಲ್ಲವಲ್ಲಮ್ಮ.’

‘ನನಗೂ ಇಲ್ಲ ಸಾರ್,’ ಎಂದಳು ಮಾಸ್ಟರಮ್ಮ. ‘ಅದಕ್ಕೇ ಇವತ್ತೇ ಕೇಳ್ತಿದ್ದೀನಿ.’